ಕೆಂಪು ಮಣ್ಣಿನಲ್ಲಿ ಲೋಹಶೋಧಕ: ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ

ಬಿದ್ದಡಿಕೆ ಹೆಕ್ಕಲು ತೋಟಕ್ಕೆ ಹೋಗಿದ್ದ ನನ್ನ ಹೆಂಡತಿ ಮಧ್ಯಾಹ್ನ ಬರಿಕೊರಳಲ್ಲಿ ಮನೆಗೆ ಬಂದಳು. ಕರಿಮಣಿ ಎಲ್ಲಿ ಹರಿದು ಬಿತ್ತೋ ಗೊತ್ತಿಲ್ಲ. ಕಣಿ ದಾಟುವಾಗ ಇತ್ತು, ಕೆರೆ ಬದಿಗೆ ಬಂದಾಗ ಇಲ್ಲ. ನಡುವೆ ಇರುವುದು ಅಡಿಕೆಯ ಮೂರು ಸಾಲು. ಆ ಮೂರು ಸಾಲಿಗೂ ಹದಿನೈದು ದಿನದ ಹಿಂದಷ್ಟೇ ಮೊಣಕಾಲೆತ್ತರ ತರಗೆಲೆ, ಸೊಪ್ಪು ಹಾಕಿ ಮುಗಿಸಿದ್ದೆವು. ನನ್ನ ಅಮ್ಮನ ಬಳೆ ಕರಗಿಸಿ ಮಾಡಿಸಿದ ಚಿನ್ನ ಅದು. ಕ್ರಯಕ್ಕಿಂತ ಆ ಸಂಕಟವೇ ಹೆಚ್ಚು.

ಎರಡು ದಿನ ಕೈಯಲ್ಲಿ ಹುಡುಕಿದೆವು. ಮೂರನೆಯ ದಿನ ಸಂಬಂಧಿಕರ ಹುಡುಗನೊಬ್ಬ ಲೋಹಶೋಧಕ ಹಿಡಿದುಕೊಂಡು ಬಂದ. ವಿದೇಶದಲ್ಲಿದ್ದಾಗ ಸಮುದ್ರ ತೀರದಲ್ಲಿ ನಾಣ್ಯ ಹುಡುಕಲು ಕೊಂಡದ್ದಂತೆ. ಉದ್ದ ಕೋಲು, ತುದಿಯಲ್ಲಿ ತಟ್ಟೆಯಂಥ ಸುರುಳಿ. ಸ್ವಿಚ್ ಹಾಕಿ ನೆಲಕ್ಕೆ ಹಿಡಿದದ್ದೇ ತಡ, ಕಿರುಚಲು ಸುರು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಕೂಗು. ಬೇಲಿಯಾಚೆ ನಿಂತು ನೋಡುತ್ತಿದ್ದ ನೆರೆಮನೆಯವರು ಹೇಳಿದರು: "ಭಾವ, ನಿಮ್ಮ ತೋಟ ಪೂರ್ತಿ ಚಿನ್ನವೇ ಉಂಟು ಅಂತ ಕಾಣ್ತದೆ!"

ನಗು ಬಂತು, ಸಿಟ್ಟೂ ಬಂತು. ಯಂತ್ರ ಹಾಳಾಗಿದೆ ಎಂದುಕೊಂಡೆವು. ಅದು ಹಾಳಾಗಿರಲಿಲ್ಲ. ಅದಕ್ಕೆ ನಮ್ಮ ಮಣ್ಣು ಗೊತ್ತಿರಲಿಲ್ಲ, ನಮಗೆ ಅದರ ಸ್ವಭಾವ ಗೊತ್ತಿರಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕತ್ತಿ, ಗೇಟ್‌ವಾಲ್ವ್, ಓಲೆ, ಉಂಗುರ ಕಳಕೊಳ್ಳದ ಕೃಷಿಕರು ನಮ್ಮಲ್ಲಿ ಯಾರಿದ್ದಾರೆ?

ಯಂತ್ರದ ಒಳಗೆ ನಡೆಯುವುದೆಂತ?

ಸುರುಳಿಯ ತಂತಿಯಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ಬದಲಾಗುತ್ತ ಹರಿಯುತ್ತದೆ. ಅದರಿಂದ ಸುತ್ತ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ. ನೆಲದೊಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ಸುಳಿವಿದ್ಯುತ್ತು ಏಳುತ್ತದೆ. ಆ ಸುಳಿ ತನ್ನದೇ ಆದ ಪುಟ್ಟ ಕಾಂತಕ್ಷೇತ್ರವನ್ನು ಮರಳಿ ಕಳಿಸುತ್ತದೆ. ಯಂತ್ರ ಕೇಳಿಸಿಕೊಳ್ಳುವುದು ಇದನ್ನು. ಅಂದರೆ ಯಂತ್ರಕ್ಕೆ ಚಿನ್ನ "ಕಾಣುವುದಿಲ್ಲ". ವಿದ್ಯುತ್ತು ಹರಿಯಬಲ್ಲ ಅಥವಾ ಆಯಸ್ಕಾಂತಕ್ಕೆ ಸ್ಪಂದಿಸುವ ಯಾವುದೇ ವಸ್ತುವಿಗೂ ಅದು ಓಗೊಡುತ್ತದೆ.

ಯಂತ್ರ ಸರಿ ಇದ್ದರೂ ಸುತ್ತಲಿನ ಪರಿಸರ ಕೆಲಸ ಕೆಡಿಸಬಹುದು ಎನ್ನಲು ಹಳೆಯದೊಂದು ಉದಾಹರಣೆ ಇದೆ. 1881ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ದೇಹದಲ್ಲಿ ಉಳಿದ ಗುಂಡನ್ನು ಪತ್ತೆ ಮಾಡಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದೇ ಸಲಕರಣೆ ಕಟ್ಟಿದರು. ಬೇರೆ ಕಡೆ ಪರೀಕ್ಷೆ ಮಾಡಿದಾಗ ಅದು ಕೆಲಸ ಮಾಡುತ್ತಿತ್ತು. ಅಧ್ಯಕ್ಷರ ಹಾಸಿಗೆಯ ಬಳಿ ಗೊಂದಲದ ಸದ್ದು ಬಂತು. ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗುಗಳಿದ್ದವು! ಸಾಲದ್ದಕ್ಕೆ ವೈದ್ಯರು ಹುಡುಕಲು ಬಿಟ್ಟದ್ದು ದೇಹದ ಬಲಬದಿಯನ್ನು ಮಾತ್ರ. ಗುಂಡು ಇದ್ದದ್ದು ಎಡಬದಿಯಲ್ಲಿ. ಗಾರ್‌ಫೀಲ್ಡ್ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ನಮಗೆ ಆ ಸ್ಪ್ರಿಂಗಿನ ಹಾಸಿಗೆ ಎಂದರೆ ನಮ್ಮ ಮುರಕಲ್ಲಿನ ಮಣ್ಣು.

ಮುರಕಲ್ಲಿನ ತಕರಾರು

ನಮ್ಮ ಕರಾವಳಿಯ ಜಂಬಿಟ್ಟಿಗೆಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, 1807ರಲ್ಲಿ ಅಚ್ಚಾದ ಪುಸ್ತಕದಲ್ಲಿ ಈ ಹೆಸರು ಬಳಸಿದರು. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನಮ್ಮವರು ಇಟ್ಟ ಹೆಸರಿನಲ್ಲೂ ಇಟ್ಟಿಗೆ ಇದೆ, ನೋಡಿ.

ಈ ಮಣ್ಣಿನ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡುಗಳದ್ದು. ಆ ಆಕ್ಸೈಡುಗಳಲ್ಲಿ ಎಲ್ಲವೂ ತೊಂದರೆ ಕೊಡುವುದಿಲ್ಲ. ಮ್ಯಾಗ್ನಟೈಟ್, ಮ್ಯಾಗ್ಹಮೈಟ್ ಎಂಬ ಕಾಂತಗುಣದವು ಸೇರಿದ್ದರೆ ಮಾತ್ರ ಯಂತ್ರಕ್ಕೆ ತಲೆನೋವು. ಕಳೆದುಹೋದ ಓಲೆ ಕಳಿಸುವ ಪಿಸುಮಾತಿಗಿಂತ ಮಣ್ಣಿನ ಗದ್ದಲವೇ ಜೋರಾಗಿರುತ್ತದೆ.

ಆದ್ದರಿಂದ ಒಳ್ಳೆಯ ಯಂತ್ರಗಳಲ್ಲಿ "ನೆಲದ ಹೊಂದಾಣಿಕೆ" ಎಂಬ ವ್ಯವಸ್ಥೆ ಇರುತ್ತದೆ. ಲೋಹವಿಲ್ಲದ ಜಾಗದಲ್ಲಿ ಸುರುಳಿಯನ್ನು ನಾಲ್ಕೈದು ಸಲ ಮೇಲೆ-ಕೆಳಗೆ ಆಡಿಸಿ, ಮಣ್ಣಿನ ಸದ್ದು ಅಡಗುವವರೆಗೆ ತಿರುಪು ಹೊಂದಿಸುವುದು. ಸೋವಿ ಯಂತ್ರಗಳಲ್ಲಿ ಈ ಹೊಂದಾಣಿಕೆಯನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಹದ ಮಣ್ಣಿಗೆ ಅದು ಸಾಕು. ನಮ್ಮ ಮುರಮಣ್ಣಿಗೆ ಸಾಲದು. ನಮ್ಮ ಹುಡುಗ ತಂದದ್ದು ಅಂಥದ್ದು.

ಸುಡುಮಣ್ಣಿನ ಗುಟ್ಟು

ಇನ್ನೊಂದು ವಿಚಿತ್ರ ಗಮನಿಸಿದೆವು. ಮೂರನೇ ಸಾಲಿನ ಕೊನೆಯಲ್ಲಿ ಯಂತ್ರದ ಕೂಗು ಇಮ್ಮಡಿ. ಅಗೆದರೆ ಏನೂ ಇಲ್ಲ. ಮೊಳೆ ಕೂಡ ಇಲ್ಲ. ಆಮೇಲೆ ನೆನಪಾಯಿತು. ಅಪ್ಪ ವರ್ಷವರ್ಷವೂ ಸುಡುಮಣ್ಣು ಮಾಡುತ್ತಿದ್ದದ್ದು ಅದೇ ಜಾಗದಲ್ಲಿ.

ಸೊಪ್ಪು, ಕಸದ ಜತೆ ಕೆಂಪು ಮಣ್ಣು ಬೆಂದಾಗ ಅದರ ಕಬ್ಬಿಣದ ಆಕ್ಸೈಡು ರೂಪ ಬದಲಿಸಿ ಕಾಂತಗುಣ ಪಡೆಯುತ್ತದೆ. ಬೆಂಕಿ ಆರಿ ವರ್ಷಗಳೇ ಕಳೆದರೂ ಗುಣ ಉಳಿಯುತ್ತದೆ. ಹಳೆಯ ಒಲೆ, ಆಲೆಮನೆ, ಕಮ್ಮಾರಸಾಲೆಯ ಜಾಗಗಳಲ್ಲೂ ಹೀಗೆಯೇ. ಇಂಥ ಕಡೆ ಯಂತ್ರ ಕೂಗಿದರೆ ನಿಧಿ ಎಂದುಕೊಂಡು ಹಾರೆ ಎತ್ತಬೇಡಿ.

ನಿಮ್ಮ ಮಣ್ಣು ಎಂಥದು ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆ ಇದೆ. ಹಾಳಾದ ರೇಡಿಯೋ ಸ್ಪೀಕರಿನ ಆಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಒಣಗಿದ ಪುಡಿಮಣ್ಣಿನಲ್ಲಿ ಆಡಿಸಿ. ತೊಟ್ಟೆಯ ಹೊರಗೆ ಮಣ್ಣು ಗಡ್ಡದ ಹಾಗೆ ಹಿಡಿದರೆ ನಿಮ್ಮದು ತಕರಾರಿನ ಮಣ್ಣು. ಏನೂ ಹಿಡಿಯದಿದ್ದರೆ ಸಾಧಾರಣ ಯಂತ್ರವೂ ನಡೆಯಬಹುದು. ನನ್ನ ಗದ್ದೆಯ ಮಣ್ಣಿನಲ್ಲಿ ಬಹಳ ಕಡಿಮೆ ಹಿಡಿಯಿತು. ಸುಡುಮಣ್ಣಿನ ಜಾಗದ್ದು ತೊಟ್ಟೆ ತುಂಬ ಹಿಡಿಯಿತು. ಒಂದೇ ಎಕ್ರೆಯೊಳಗೆ ಇಷ್ಟು ವ್ಯತ್ಯಾಸ!

ನಾಲ್ಕು ಪ್ರಶ್ನೆ

ನಮ್ಮ ಪೇಚಾಟ ಕೇಳಿ ಇಲೆಕ್ಟ್ರಾನಿಕ್ಸ್ ಹವ್ಯಾಸದ ಮಿತ್ರರೊಬ್ಬರು ಬಂದರು. ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯುವ ಮೊದಲೇ ಅವರು ಕೇಳಿದ್ದು ನಾಲ್ಕು ಪ್ರಶ್ನೆ. ಕಳೆದದ್ದು ಏನು, ಎಷ್ಟು ದೊಡ್ಡದು? ಯಾವ ಮಣ್ಣು? ಎಷ್ಟು ಆಳ? ಆಸುಪಾಸಿನಲ್ಲಿ ಬೇರೆ ಲೋಹ ಎಂತೆಲ್ಲ ಉಂಟು? ಯಂತ್ರ ಕೊಳ್ಳುವವರೂ ಬಾಡಿಗೆಗೆ ತರುವವರೂ ಮೊದಲು ಉತ್ತರಿಸಬೇಕಾದದ್ದು ಇವಕ್ಕೇ.

1. ವಸ್ತು ಯಾವುದು? ಸಾಮಾನ್ಯ ಯಂತ್ರಗಳು ಸೆಕೆಂಡಿಗೆ ಕೆಲವು ಸಾವಿರ ಸಲ ಕಂಪಿಸುವ ಅಲೆ ಕಳಿಸುತ್ತವೆ. ಐದಾರು ಕಿಲೋಹರ್ಟ್ಸಿನಂಥ ತಗ್ಗಿನ ಆವರ್ತನ ದಪ್ಪ ಬೆಳ್ಳಿ, ತಾಮ್ರ, ದೊಡ್ಡ ವಸ್ತುಗಳಿಗೆ ಒಳ್ಳೆಯದು. ನಲವತ್ತು ಕಿಲೋಹರ್ಟ್ಸಿಗಿಂತ ಮೇಲಿನದು ಸಣ್ಣ ಚಿನ್ನದ ಚೂರಿಗೆ ಚುರುಕು. ಆದರೆ ಅಂಥ ಯಂತ್ರ ಆಳಕ್ಕೆ ಹೋಗುವುದು ಕಡಿಮೆ, ಮಣ್ಣಿನ ಗದ್ದಲವೂ ಅದಕ್ಕೆ ಬೇಗ ತಾಗುತ್ತದೆ.

ಇಲ್ಲೊಂದು ಮುಖ್ಯ ವಿಷಯ. ಸರ ಎಷ್ಟು ಉದ್ದವಿದ್ದರೂ ಯಂತ್ರಕ್ಕೆ ಅದು ಉದ್ದವಲ್ಲ. ಕೊಂಡಿ ಕೊಂಡಿಯ ನಡುವೆ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲವಾದ್ದರಿಂದ ಅದಕ್ಕೆ ಕೇಳಿಸುವುದು ಬಿಡಿಬಿಡಿ ಕೊಂಡಿ ಮಾತ್ರ. ಎರಡು ಪವನಿನ ಸಪೂರ ಸರಕ್ಕಿಂತ ಅರ್ಧ ಪವನಿನ ಉಂಗುರ ಸುಲಭವಾಗಿ ಸಿಗುತ್ತದೆ. ಕರಿಮಣಿಯ ಮಣಿಗಳಂತೂ ಗಾಜು. ನಾವು ನಂಬಬೇಕಾದದ್ದು ತಾಳಿಯ ತುಂಡೊಂದನ್ನೇ.

2. ಮಣ್ಣು ಯಾವುದು? ತಕರಾರಿನ ಮಣ್ಣಿಗೆ ಎರಡು ದಾರಿ. ಒಂದು, ಕೈಯಿಂದ ನೆಲದ ಹೊಂದಾಣಿಕೆ ಮಾಡಬಹುದಾದ ಯಂತ್ರ. ಇನ್ನೊಂದು, ಮಿಡಿತದ ಯಂತ್ರ. ಇದು ಅಲೆಯನ್ನು ಸತತವಾಗಿ ಕಳಿಸುವುದಿಲ್ಲ. ಒಮ್ಮೆ ಮಿಡಿದು, ಸುಮ್ಮನಾಗಿ, ಮರುದನಿಗೆ ಕಿವಿಗೊಡುತ್ತದೆ. ಮಣ್ಣಿನ ದನಿ ಬಹುಪಾಲು ಬೇಗ ಅಡಗುತ್ತದೆ, ಲೋಹದ್ದು ಸ್ವಲ್ಪ ಹೊತ್ತು ಉಳಿಯುತ್ತದೆ. ಆಸ್ಟ್ರೇಲಿಯಾದ ಚಿನ್ನದ ಸೀಮೆಯ ಕೆಂಪುನೆಲಕ್ಕೆಂದೇ ಅಲ್ಲಿನ ಮೈನ್‌ಲ್ಯಾಬ್ ಕಂಪೆನಿ 1995ರಲ್ಲಿ ಇಂಥ ಯಂತ್ರ ಹೊರತಂದಿತು. ಬೇರೆ ಯಂತ್ರಗಳು ಸೋತ ನೆಲದಲ್ಲಿ ಇದು ಚಿನ್ನ ಹುಡುಕಿಕೊಟ್ಟಿತು. ಆದರೆ ಮಿಡಿತದ ಯಂತ್ರಕ್ಕೂ ಕುಂದುಂಟು. ಕಬ್ಬಿಣ ಯಾವುದು, ಚಿನ್ನ ಯಾವುದು ಎಂದು ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ತೀರ ತೆಳುವಾದ ಓಲೆಯಂಥದರ ದನಿ ಮಣ್ಣಿನ ದನಿಯ ಜತೆಗೇ ಅಡಗಿಹೋಗಲೂಬಹುದು.

ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಸಮುದ್ರದ ತೇವದ ಮರಳು ಇವುಗಳದ್ದು ಬೇರೆಯೇ ತಕರಾರು. ಉಪ್ಪುನೀರೇ ವಿದ್ಯುತ್ತು ಹರಿಸುತ್ತದೆ. ಅಲ್ಲಿಗೆ ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುವ ಯಂತ್ರ ಅಥವಾ ಮಿಡಿತದ ಯಂತ್ರ ಬೇಕು.

3. ಎಷ್ಟು ಆಳ? ಸುರುಳಿ ದೊಡ್ಡದಾದಷ್ಟೂ ಆಳ ಹೆಚ್ಚು, ಸಣ್ಣ ವಸ್ತು ತಪ್ಪಿಹೋಗುವ ಭಯವೂ ಹೆಚ್ಚು. ನಾಣ್ಯದಷ್ಟು ದೊಡ್ಡ ವಸ್ತು ಸುರುಳಿಯ ಅಗಲದಷ್ಟು ಆಳದಲ್ಲಿ ಸಿಕ್ಕಿದರೆ ಪುಣ್ಯ ಎಂದು ಅಂದಾಜು ಹಿಡಿಯಬಹುದು. ಅದೂ ಒಳ್ಳೆಯ ಮಣ್ಣಿನಲ್ಲಿ.

4. ಕಸ ಎಷ್ಟು? ಹಳೆ ಮನೆಯ ಹಿತ್ತಿಲಿನಲ್ಲಿ ಮೊಳೆ, ತಂತಿ, ಲಾಳದ ತುಂಡು ಹೇರಳ. ಅಲ್ಲಿ ದೊಡ್ಡ ಸುರುಳಿಯ ಕೆಳಗೆ ಒಂದೇ ಸಲಕ್ಕೆ ನಾಲ್ಕು ವಸ್ತು ಬಂದು ಗೊಂದಲ. ಆರಿಂಚಿನ ಸಣ್ಣ ಸುರುಳಿಯೇ ವಾಸಿ. ಕಬ್ಬಿಣವನ್ನು ಬಿಟ್ಟುಬಿಡುವ ತಿರುಪು ಇದ್ದರೆ ಉಪಯೋಗ ಉಂಟು, ಪೂರ್ತಿ ನಂಬಬೇಡಿ. ಮಾತ್ರೆ ಪಟ್ಟಿಯ ಅಲ್ಯುಮಿನಿಯಮ್ಮಿಗೂ ತೆಳು ಚಿನ್ನಕ್ಕೂ ಬರುವ ಸದ್ದು ಹೆಚ್ಚುಕಡಿಮೆ ಒಂದೇ. ಅದನ್ನು ಬಿಡಲು ಹೋದರೆ ಇದೂ ಹೋಗುತ್ತದೆ.

ಕೃಷಿ ಕೆಲಸಕ್ಕೆ ಯಾವುದು?

ಹೂತುಹೋದ ಗೇಟ್‌ವಾಲ್ವ್, ಜಿ.ಐ. ಪೈಪು: ದೊಡ್ಡ ಕಬ್ಬಿಣ. ಸೋವಿ ಯಂತ್ರ, ದೊಡ್ಡ ಸುರುಳಿ ಸಾಕು. ಉದ್ದ ಕೋಲಿನ ಎರಡು ತುದಿಗೆ ಎರಡು ಪೆಟ್ಟಿಗೆ ಇರುವ ಯಂತ್ರವೂ ಇದೆ. ಅದಕ್ಕೆ ನಾಣ್ಯ, ಮೊಳೆ ಕೇಳಿಸುವುದೇ ಇಲ್ಲ, ಆಳದ ದೊಡ್ಡ ವಸ್ತು ಮಾತ್ರ ಕೇಳಿಸುತ್ತದೆ. ಪೈಪಿಗೆ ಇದು ಹೇಳಿ ಮಾಡಿಸಿದಂತೆ, ಓಲೆಗೆ ದಂಡ.

ಪಿವಿಸಿ ಪೈಪು: ಯಾವ ಲೋಹಶೋಧಕವೂ ಹುಡುಕಿಕೊಡದು. ಪೈಪು ಹೂಳುವಾಗಲೇ ಅದರ ಜತೆ ಪ್ಲಾಸ್ಟಿಕ್ ಹೊದಿಕೆಯ ಹಳೆ ವಯರೊಂದನ್ನು ತುಂಡಾಗದಂತೆ ಎಳೆದು, ಎರಡೂ ತುದಿ ಮೇಲಕ್ಕೆ ಬಿಟ್ಟಿರಿ. ತುದಿಗೆ ಸಣ್ಣ ಸಂಕೇತ ಕೊಟ್ಟು ಜಾಡು ಹಿಡಿಯುವ ಸಲಕರಣೆ ಇದ್ದರೆ ಮುಂದೆ ದಾರಿ ಸಿಗುತ್ತದೆ. ಅದಕ್ಕಿಂತ ಸುಲಭ, ಹೂಳಿದ ದಿನವೇ ಮಕ್ಕಳ ಪಟ್ಟಿ ಪುಸ್ತಕದಲ್ಲಿ ಒಂದು ನಕ್ಷೆ.

ಮರದೊಳಗಿನ ಮೊಳೆ: ಬೇಲಿ ತಂತಿ ಬಡಿದ ಹಲಸು, ಮಾವು ಬೆಳೆಯುತ್ತ ಮೊಳೆಯನ್ನು ನುಂಗಿಬಿಡುತ್ತವೆ. ಮಿಲ್ಲಿನ ಗರಗಸದ ಹಲ್ಲು ಹೋಗುವುದು ಇಂಥಲ್ಲೇ. ಇದಕ್ಕೆ ಕೈಯಲ್ಲಿ ಹಿಡಿಯುವ ಸಣ್ಣ ಕೋಲಿನಂಥ ಶೋಧಕ ಸಾಕು. ಮರದಲ್ಲಿ ಮುರಮಣ್ಣಿನ ಗದ್ದಲ ಇಲ್ಲ.

ದನದ ಹೊಟ್ಟೆಯ ತಂತಿ: ಪಶುವೈದ್ಯರು ಶೋಧಕ ಬಳಸುವುದುಂಟು. ಆದರೆ ಆರೋಗ್ಯವಾಗಿರುವ ದನದ ಹೊಟ್ಟೆಯಲ್ಲೂ ಲೋಹ ಇರಬಹುದು. ಸದ್ದು ಬಂದ ಮಾತ್ರಕ್ಕೆ ಅದೇ ಚುಚ್ಚಿದೆ ಎನ್ನಲಾಗದು. ತೀರ್ಮಾನ ವೈದ್ಯರಿಗೇ ಬಿಡಿ.

ಐವತ್ತಡಿ ಆಳದ ಸುಳ್ಳು

ನಮ್ಮ ಆಸುಪಾಸಿನ ಊರಿಗೆ ಇಬ್ಬರು ಬಂದಿದ್ದರಂತೆ. ಕೈಯಲ್ಲಿ ಎರಡು ಆಂಟೆನಾ ಇರುವ ಯಂತ್ರ. ಐವತ್ತಡಿ ಆಳದ ಚಿನ್ನ ತೋರಿಸುತ್ತದೆ ಎಂದು ಮುಂಗಡ ಹಣ ಪಡೆದರು. ಮನೆಯವರು ಹಟ್ಟಿಯ ನೆಲ ಅಗೆದರು. ಹಟ್ಟಿಯೂ ಹೋಯ್ತು, ಹಣವೂ ಹೋಯ್ತು, ಬಂದವರೂ ಹೋದರು. ಮರ್ಯಾದೆಗೆ ಅಂಜಿ ದೂರು ಕೊಡಲಿಲ್ಲ.

ಇದು ಯಾಕೆ ಸಾಧ್ಯವಿಲ್ಲ ಎನ್ನಲು ಒಂದು ಲೆಕ್ಕ ಸಾಕು. ಸಣ್ಣ ವಸ್ತುವೊಂದು ಸುರುಳಿಯಿಂದ ಎರಡು ಪಟ್ಟು ದೂರ ಹೋದರೆ ಮರಳಿ ಬರುವ ಸಂಕೇತ ಅರ್ಧವಾಗುವುದಲ್ಲ, ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಾಲ್ಕು ಪಟ್ಟು ದೂರಕ್ಕೆ 4096ರಲ್ಲಿ ಒಂದು. ಒಂದಡಿಯಲ್ಲಿ ಕಷ್ಟಪಟ್ಟು ಕೇಳುವ ಉಂಗುರ ಐವತ್ತಡಿಯಲ್ಲಿ ಕೇಳಿಸುವುದೆಂತು?

ಮೋಸ ಹೋಗುವವರು ನಾವು ಹಳ್ಳಿಯವರು ಮಾತ್ರ ಅಲ್ಲ. ಗಾಲ್ಫ್ ಚೆಂಡು ಹುಡುಕುವ ಆಟದ ವಸ್ತುವಿನಿಂದ ಹುಟ್ಟಿದ ಎಡಿಇ-651 ಎಂಬ ಪೊಳ್ಳು ಸಾಧನವನ್ನು ಬಾಂಬು ಶೋಧಕವೆಂದು ಹೇಳಿ ಇರಾಕಿನ ಸರಕಾರಕ್ಕೇ ಮಾರಿದ್ದರು. ಮಾರಿದ ಜೇಮ್ಸ್ ಮೆಕ್‌ಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ 10 ವರ್ಷ ಸಜೆ ವಿಧಿಸಿತು.

ಅದಕ್ಕೇ ಒಂದೇ ಸೂತ್ರ: ಹಣ ಕೊಡುವ ಮೊದಲು ನಿಮ್ಮದೇ ಮಣ್ಣಿನಲ್ಲಿ, ಮಾರುವವನಿಗೆ ಕಾಣದಂತೆ, ಒಂದು ಉಂಗುರ ಹೂತಿಡಿ. ಹುಡುಕಲಿ ನೋಡುವ. ನೆಲಬಾಂಬು ತೆಗೆಯುವವರು ಕೂಡ ದಿನದ ಕೆಲಸಕ್ಕೆ ಮೊದಲು ಗೊತ್ತಿರುವ ಆಳದ ಗುರುತು ವಸ್ತುವಿನ ಮೇಲೆ ಯಂತ್ರವನ್ನು ಪರೀಕ್ಷಿಸುತ್ತಾರೆ. ಮೊಜಾಂಬಿಕ್, ಕಾಂಬೋಡಿಯಾಗಳ ಕೆಂಪು ಮಣ್ಣಿನಲ್ಲಿ ಅವರಿಗೂ ನಮ್ಮದೇ ತಕರಾರು ಎದುರಾಗಿತ್ತು. ಅಲ್ಲಿ ಸದ್ದು ತಪ್ಪಿದರೆ ಹೋಗುವುದು ಗದ್ದೆಗಿಳಿಯುವ ರೈತನ ಕಾಲು. ಮೊಜಾಂಬಿಕ್ 2015ರಲ್ಲಿ ನೆಲಬಾಂಬಿನಿಂದ ಮುಕ್ತವಾಯಿತು.

ನಿಜಕ್ಕೂ ನಿಧಿ ಸಿಕ್ಕಿದರೆ?

1992ರ ನವೆಂಬರ್ 16. ಇಂಗ್ಲೆಂಡಿನ ಸಫೋಕ್ ಸೀಮೆಯ ಹಾಕ್ಸನ್ ಎಂಬ ಹಳ್ಳಿಯಲ್ಲಿ ಕೃಷಿಕನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಗಿತ್ತು. ಹುಡುಕಿಕೊಡಲು ಬಂದವನು ಗೆಳೆಯ ಎರಿಕ್ ಲಾಸ್. ಸಿಕ್ಕಿದ್ದು ರೋಮನರ ಕಾಲದ ಸುಮಾರು 15,000 ನಾಣ್ಯ, ಚಿನ್ನದ ಆಭರಣ, ಬೆಳ್ಳಿಯ ಚಮಚಗಳ ರಾಶಿ. ಲಾಸ್ ಪೂರ್ತಿ ಅಗೆಯಲಿಲ್ಲ. ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ. ಪುರಾತತ್ವದವರು ಬಂದು ಒಂದೊಂದಾಗಿ ತೆಗೆದರು. ಬಹುಮಾನವಾಗಿ ಬಂದ ಹದಿನೇಳೂವರೆ ಲಕ್ಷ ಪೌಂಡನ್ನು ಆತ ಕೃಷಿಕನ ಜತೆ ಹಂಚಿಕೊಂಡ. ಸುತ್ತಿಗೆಯೂ ಸಿಕ್ಕಿತು, ಅದೀಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ನಮ್ಮಲ್ಲಿಯೂ ಕಾನೂನು ಇದೆ. 1878ರ ಭಾರತೀಯ ನಿಧಿ ಕಾಯ್ದೆ, ಕರ್ನಾಟಕದಲ್ಲಿ 1962ರ ರಾಜ್ಯ ಕಾಯ್ದೆ. ನಮ್ಮ ಜಾಗದಲ್ಲೇ ಸಿಕ್ಕಿದರೂ ನಿಧಿಯನ್ನು ಮುಚ್ಚಿಡುವ ಹಾಗಿಲ್ಲ. ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕಾಯ್ದೆಯಂತೆ ಅಪರಾಧ. ಪಾಳುಬಿದ್ದ ಗುಡಿಯ ಬಳಿಗೆ ಯಂತ್ರ ಹಿಡಿದುಕೊಂಡು ಹೋಗುವ ಯೋಚನೆಯನ್ನೇ ಬಿಡಿ.

ಹುಡುಕುವ ಕ್ರಮ

* ಹಗ್ಗ ಕಟ್ಟಿ ಸಾಲು ಮಾಡಿಕೊಳ್ಳಿ. ಕಂಡಲ್ಲಿ ಬೀಸುವುದು ಬೇಡ.
* ಸುರುಳಿ ನೆಲಕ್ಕೆ ಸಮನಾಗಿ, ತಾಗಿಯೂ ತಾಗದ ಹಾಗೆ ಇರಲಿ. ಬೀಸಿನ ಕೊನೆಯಲ್ಲಿ ಮೇಲಕ್ಕೆ ಎತ್ತಬೇಡಿ. ನಿಧಾನವಾಗಿ, ಹಿಂದಿನ ಬೀಸಿನ ಅರ್ಧ ಭಾಗದ ಮೇಲೆ ಮುಂದಿನದು ಬರಲಿ.
* ಸೊಂಟದ ಕತ್ತಿ, ಕೈಯ ಉಂಗುರ ತೆಗೆದಿಡಿ.
* ಹತ್ತಿರ ವಿದ್ಯುತ್ ಬೇಲಿ, ಪಂಪು ಇದ್ದರೆ ಆರಿಸಿ. ಬೇಲಿಯ ಮಿಡಿತ ಯಂತ್ರದಲ್ಲಿ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಹೈಟೆನ್ಶನ್ ಲೈನಿನ ಅಡಿಯಲ್ಲಿ ಹೆಚ್ಚಿನ ಆಸೆ ಬೇಡ.
* ಗದ್ದಲ ಹೆಚ್ಚಾದರೆ ಯಂತ್ರದ ಸೂಕ್ಷ್ಮತೆ ತಗ್ಗಿಸಿ. ಕಿರುಚುವ ಯಂತ್ರಕ್ಕಿಂತ ಎರಡಿಂಚು ಕಡಿಮೆ ಆಳದ, ಶಾಂತವಾದ ಯಂತ್ರ ಮೇಲು.
* ಅಗೆದ ಗುಂಡಿ ಮುಚ್ಚಿ. ಅಡಿಕೆಯ ಬೇರು ಮೇಲ್ಪದರದಲ್ಲೇ ಇರುವುದೆಂದು ನೆನಪಿರಲಿ.

ಕರಿಮಣಿ ಸಿಕ್ಕಿದ್ದು ಹೇಗೆ?

ನಾಲ್ಕೂ ಉತ್ತರ ಕೇಳಿದ ಮಿತ್ರರು ಯಂತ್ರವನ್ನು ಸಾಲಿಗೆ ಒಯ್ಯಲೇ ಇಲ್ಲ. "ಬಿದ್ದು ಮೂರು ದಿವಸ ಅಷ್ಟೆ. ಅದು ಮಣ್ಣಿಗೆ ಇಳಿದಿರುವುದಿಲ್ಲ, ತರಗೆಲೆಯಲ್ಲೇ ಉಂಟು. ಮಣ್ಣಿನ ಹತ್ತಿರ ಹುಡುಕುವುದು ಎಂತಕ್ಕೆ? ತರಗೆಲೆಯನ್ನೇ ಇಲ್ಲಿಗೆ ತನ್ನಿ" ಎಂದರು.

ಅಂಗಳದ ಬದಿಯಲ್ಲಿ ಹಗ್ಗದಲ್ಲಿ ಕಟ್ಟಿದ ಅಡಿಕೆ ಸಲಾಕೆಯ ಅಟ್ಟ ಇತ್ತು. ಒಂದು ಮೊಳೆಯೂ ಇಲ್ಲದ್ದು. ಅದರ ಮೇಲೆ ಟಾರ್ಪಾಲು ಹಾಸಿದೆವು. ನಾವು ಹೆಡಿಗೆ ಹೆಡಿಗೆ ಹೊತ್ತು ತಂದು ತೆಳುವಾಗಿ ಹರಡುವುದು, ಅವರು ಸಣ್ಣ ಸುರುಳಿ ಆಡಿಸುವುದು, ಹೊರಗೆ ಹಾಕುವುದು. ಮಣ್ಣಿನಿಂದ ಮೂರಡಿ ಮೇಲೆ ಯಂತ್ರ ಒಂದು ಅಪಸ್ವರ ಎತ್ತಲಿಲ್ಲ. ಮೊದಲ ಸಾಲು ಮುಗಿಯಿತು, ಒಂದು ಬಾಟಲಿ ಮುಚ್ಚಳ ಸಿಕ್ಕಿತು. ಎರಡನೇ ಸಾಲಿನ ನಡುವಿನ ಒಂದು ಹೆಡಿಗೆಗೆ ಚಿಕ್ಕದೊಂದು ಸದ್ದು. ಕೆದಕಿದರೆ ತಾಳಿ. ಸರ ಅದಕ್ಕೆ ಸಿಕ್ಕಿಕೊಂಡೇ ಇತ್ತು. ಯಂತ್ರ ಸರದ ಬಗ್ಗೆ ಕಿಂಕಂ ಎಂದಿರಲಿಲ್ಲ.

ಹೆಂಡತಿ ಅದನ್ನು ತೊಳೆದು ದೇವರ ಮುಂದೆ ಇಟ್ಟಳು. ಮತ್ತೆ ನನ್ನ ಕಡೆ ತಿರುಗಿ, "ಇನ್ನು ಆ ತರಗೆಲೆ ಎಲ್ಲ ವಾಪಸು ಬುಡಕ್ಕೆ ಹಾಕುವುದು ನೀವೇ" ಎಂದಳು. ಎರಡು ದಿನ ಹಿಡಿಯಿತು.